ಪಿಂಚಣಿ, ಗ್ರಾಚ್ಯುಟಿ, ಒಪಿಎಸ್: ಜುಮೇರಾ ಲೇಕ್ ಟವರ್ಸ್‌ನಿಂದ ಫ್ರೀಡಂ ಪಾರ್ಕ್‌ವರೆಗಿನ ಮುಖ್ಯಾಂಶಗಳು

ಪರೀಕ್ಷೆಯಲ್ಲಿ ಪಿಂಚಣಿಯ ಪ್ರಶ್ನೆ ಬಂದರೆ ಹಳೆಯ ಪಿಂಚಣಿ ಯೋಜನೆ (ಒಪಿಎಸ್) ಮತ್ತು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ (ಎನ್‌ಪಿಎಸ್) ನಡುವಿನ ವ್ಯತ್ಯಾಸ ಬರೆದು ಪೆನ್ನು ಮುಚ್ಚುವವರೇ ಹೆಚ್ಚು. ಎರಡು ಅಂಕದ ಪ್ರಶ್ನೆಗೆ ಅದು ಸಾಕು, ಪ್ರಬಂಧ ಪತ್ರಿಕೆಗೆ ಸಾಲದು. ದುಡಿದವನ ಮುಪ್ಪಿನ ಹೊಣೆಯನ್ನು ಸರ್ಕಾರ ಹೊರಬೇಕೋ, ಮಾಲೀಕನೋ, ದುಡಿದವನೇ ಹೊರಬೇಕೋ ಎಂಬುದೇ ಇಡೀ ವಿವಾದದ ತಿರುಳು. ಬೆಂಗಳೂರಿನಲ್ಲಿ ಇದಕ್ಕಾಗಿ ಮುಷ್ಕರವೇ ನಡೆಯಿತು. ದುಬೈನ ಜುಮೇರಾ ಲೇಕ್ ಟವರ್ಸ್‌ನಲ್ಲಿ ದುಡಿಯುವ ಕನ್ನಡಿಗರಿಗೆ ಆ ದಾರಿಯಿಲ್ಲ. ಅಲ್ಲಿ ಎಲ್ಲವೂ ಸರ್ಕಾರಿ ಆದೇಶದಲ್ಲೇ ತೀರ್ಮಾನ. ಎರಡನ್ನೂ ಒಟ್ಟಿಗೆ ಓದಿದರೆ ವಿಷಯ ತಲೆಯಲ್ಲಿ ನಿಲ್ಲುತ್ತದೆ.

ಜೆಎಲ್‌ಟಿ: ಯಾವ ಕಾನೂನು?

• ಜುಮೇರಾ ಲೇಕ್ ಟವರ್ಸ್, ಜನರ ಬಾಯಲ್ಲಿ ಜೆಎಲ್‌ಟಿ. ಇದು 2002ರಲ್ಲಿ ಸ್ಥಾಪನೆಯಾದ ದುಬೈ ಮಲ್ಟಿ ಕಮಾಡಿಟೀಸ್ ಸೆಂಟರ್‌ನ (ಡಿಎಂಸಿಸಿ) ಮುಕ್ತ ವಲಯ.

• ಮುಕ್ತ ವಲಯವೆಂದರೆ ಕಾರ್ಮಿಕ ಕಾನೂನೂ ಬೇರೆ ಎಂದುಕೊಳ್ಳಬೇಡಿ. ಇಲ್ಲಿ ಅನ್ವಯಿಸುವುದು ಯುಎಇ ಒಕ್ಕೂಟದ 2021ರ 33ನೇ ಕಾರ್ಮಿಕ ಕಾನೂನು; ಜಾರಿಯಾದದ್ದು 2022ರ ಫೆಬ್ರುವರಿ 2ರಂದು. ಅದಕ್ಕೆ ಮುಂಚೆ ಇದ್ದದ್ದು 1980ರ 8ನೇ ಕಾನೂನು. ದುಬೈನಲ್ಲಿ ಪ್ರತ್ಯೇಕ ಉದ್ಯೋಗ ಕಾನೂನು ಇರುವುದು ದುಬೈ ಇಂಟರ್‌ನ್ಯಾಷನಲ್ ಫೈನಾನ್ಷಿಯಲ್ ಸೆಂಟರ್‌ಗೆ (ಡಿಐಎಫ್‌ಸಿ). ಪರೀಕ್ಷೆಯಲ್ಲಿ ಈ ಎರಡು ಹೆಸರು ಅದಲುಬದಲಾಗುವುದೇ ಹೆಚ್ಚು.

• ವಿದೇಶಿ ನೌಕರನಿಗೆ ಪಿಂಚಣಿ ಇಲ್ಲ. ಇರುವುದು ಸೇವಾಂತ್ಯದ ಗ್ರಾಚ್ಯುಟಿ: ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ಆನಂತರ ವರ್ಷಕ್ಕೆ 30 ದಿನದ್ದು. ಒಂದು ವರ್ಷ ಸೇವೆ ಮುಗಿದಿರಬೇಕು. ಒಟ್ಟು ಮೊತ್ತ 2 ವರ್ಷದ ವೇತನ ಮೀರುವಂತಿಲ್ಲ. ಕೆಲಸ ಬಿಟ್ಟ 14 ದಿನದೊಳಗೆ ಬಾಕಿ ಚುಕ್ತಾ ಆಗಬೇಕು.

• ಹಳೆಯ ಕಾನೂನಿನಲ್ಲಿ, ಅನಿರ್ದಿಷ್ಟ ಅವಧಿಯ ಒಪ್ಪಂದದವರು 5 ವರ್ಷ ತುಂಬುವ ಮುನ್ನ ತಾವಾಗಿಯೇ ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿಯಲ್ಲಿ ಮೂರನೇ ಒಂದೋ ಎರಡೋ ಭಾಗ ಮಾತ್ರ ಕೈಸೇರುತ್ತಿತ್ತು. ಹೊಸ ಕಾನೂನು ಆ ಕಡಿತವನ್ನು ತೆಗೆದುಹಾಕಿತು. ನನ್ನ ಪ್ರಕಾರ ಕೆಳಹಂತದ ನೌಕರನಿಗೆ ಈ ಕಾನೂನಿನಿಂದಾದ ದೊಡ್ಡ ಉಪಕಾರ ಇದೇ.

ಲೆಕ್ಕವೊಂದನ್ನು ಬಿಡಿಸಿ ನೋಡೋಣ

ಜೆಎಲ್‌ಟಿಯ ಯಾವುದೋ ಕ್ಲಸ್ಟರ್‌ನ ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಬಂಟ್ವಾಳದ ಯುವಕನೊಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ಕೈಗೆ ಬರುವುದು 8,000 ದಿರ್ಹಂ. ಒಪ್ಪಂದದ ಕಾಗದದಲ್ಲಿ ಮೂಲ ವೇತನ 4,000 ಮಾತ್ರ. ಉಳಿದದ್ದು ಮನೆ ಬಾಡಿಗೆ, ಓಡಾಟ, ಇತರೆ. 8 ವರ್ಷ ದುಡಿದು ಊರಿಗೆ ಹೊರಟ.

ಮೊದಲ 5 ವರ್ಷಕ್ಕೆ 105 ದಿನ, ಆಮೇಲಿನ 3 ವರ್ಷಕ್ಕೆ 90 ದಿನ. ದಿನದ ಮೂಲ ವೇತನ 133.33 ದಿರ್ಹಂ. ಮೊದಲನೆಯದಕ್ಕೆ 14,000, ಎರಡನೆಯದಕ್ಕೆ 12,000, ಒಟ್ಟು 26,000 ದಿರ್ಹಂ. ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕಿದ್ದರೆ 52,000 ಆಗುತ್ತಿತ್ತು. ಕೆಲಸಕ್ಕೆ ಸೇರುವ ದಿನ ಕೈಗೆ ಬರುವ ಮೊತ್ತವನ್ನಷ್ಟೇ ನೋಡಿ ಸಹಿ ಹಾಕಿದವನಿಗೆ ಮೂಲ ವೇತನದ ಬೆಲೆ ಗೊತ್ತಾಗುವುದು ಹೊರಡುವ ದಿನ.

ಭಾರತದಲ್ಲೂ ಇದೇ ಚಾಳಿ ಇತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳು ಭತ್ಯೆಗಳು ಒಟ್ಟು ಸಂಬಳದ ಶೇ 50 ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸುತ್ತವೆ. 1972ರ ಗ್ರಾಚ್ಯುಟಿ ಕಾಯ್ದೆ 5 ವರ್ಷದ ಸೇವೆ ಕೇಳುತ್ತಿತ್ತು. ಸಂಹಿತೆಯಡಿ ನಿಗದಿತ ಅವಧಿಯ ನೌಕರನಿಗೆ 1 ವರ್ಷ ಸಾಕು.

ಉಳಿತಾಯ ಯೋಜನೆಗಳು: ಶೇ 5.83 ಎಲ್ಲಿಂದ ಬಂತು?

• ಡಿಐಎಫ್‌ಸಿಯಲ್ಲಿ 2020ರ ಫೆಬ್ರುವರಿ 1ರಿಂದ ಗ್ರಾಚ್ಯುಟಿಯ ಬದಲು ‘ಡ್ಯೂಸ್’ ಎಂಬ ಉಳಿತಾಯ ಯೋಜನೆ ಇದೆ. ಮಾಲೀಕ ತಿಂಗಳು ತಿಂಗಳು ನಿಧಿಗೆ ಹಣ ಕಟ್ಟುತ್ತಾನೆ.

• 2023ರ 96ನೇ ಸಂಪುಟ ನಿರ್ಣಯ ಇದೇ ಮಾದರಿಯನ್ನು ಖಾಸಗಿ ವಲಯಕ್ಕೂ ಮುಕ್ತ ವಲಯಗಳಿಗೂ ತೆರೆಯಿತು. ಕಡ್ಡಾಯವಲ್ಲ; ಸೇರುವುದು ಬಿಡುವುದು ಮಾಲೀಕನ ಇಷ್ಟ. ಜೆಎಲ್‌ಟಿಯ ಕಂಪನಿಗೂ ಈ ಬಾಗಿಲು ತೆರೆದಿದೆ.

• ಎರಡರಲ್ಲೂ ದರ ಒಂದೇ: 5 ವರ್ಷದೊಳಗಿನ ಸೇವೆಗೆ ಮೂಲ ವೇತನದ ಶೇ 5.83, ಅದಕ್ಕಿಂತ ಹೆಚ್ಚಾದರೆ ಶೇ 8.33. ಬಾಯಿಪಾಠ ಬೇಡ: 360ರಲ್ಲಿ 21 ದಿನ ಎಂದರೆ ಶೇ 5.83, 30 ದಿನ ಎಂದರೆ ಶೇ 8.33. ನಮ್ಮ ಬಂಟ್ವಾಳದವನ ಹೆಸರಿಗೆ ಈ ದರದಲ್ಲಿ 8 ವರ್ಷ ಕಟ್ಟಿದರೂ ಅಸಲು ಸುಮಾರು 26,000 ದಿರ್ಹಮೇ. ಹಾಗಾದರೆ ಲಾಭವೇನು? ಹಣ ಕಂಪನಿಯ ತಿಜೋರಿಯಲ್ಲಿರದೆ ಹೊರಗಿನ ನಿಧಿಯಲ್ಲಿರುತ್ತದೆ, ಹೂಡಿಕೆಯ ಗಳಿಕೆ ಸೇರುತ್ತದೆ, ಕಂಪನಿ ಬಾಗಿಲು ಹಾಕಿದರೂ ಉಳಿಯುತ್ತದೆ. ಆದರೂ ಇದು ಪಿಂಚಣಿಯಲ್ಲ. ಸಾಯುವವರೆಗೆ ತಿಂಗಳು ತಿಂಗಳು ಬರುವ ಹಣ ಇದಲ್ಲ.

• ಬಹ್ರೇನ್ 2024ರ ಮಾರ್ಚ್‌ನಿಂದ ವಿದೇಶಿಯರ ಗ್ರಾಚ್ಯುಟಿಯನ್ನು ಪ್ರತಿ ತಿಂಗಳು ಸರ್ಕಾರದ ಸಾಮಾಜಿಕ ವಿಮಾ ಸಂಸ್ಥೆಗೇ ಕಟ್ಟಿಸಿಕೊಳ್ಳುತ್ತಿದೆ.

ಯುಎಇ ಪ್ರಜೆಗಳಿಗೆ ಬೇರೆಯದೇ ವ್ಯವಸ್ಥೆ

ಎಮಿರಾತಿ ಪ್ರಜೆಗಳಿಗೆ ಸರ್ಕಾರಿ ಪಿಂಚಣಿ ಇದೆ. 1999ರ 7ನೇ ಕಾನೂನಿನಡಿ ಖಾಸಗಿ ವಲಯದಲ್ಲಿ ಒಟ್ಟು ವಂತಿಗೆ ಶೇ 20, ಅದರಲ್ಲಿ ನೌಕರನದು ಶೇ 5. 2023ರ ಅಕ್ಟೋಬರ್ 31ರಿಂದ ಮೊದಲ ಬಾರಿಗೆ ಸೇರುವವರಿಗೆ 2023ರ 57ನೇ ಕಾನೂನು: ಒಟ್ಟು ಶೇ 26, ನೌಕರನ ಪಾಲು ಶೇ 11. ಅಬುಧಾಬಿಗೆ ತನ್ನದೇ ಪಿಂಚಣಿ ನಿಧಿ ಇದೆ. ತೈಲ ಶ್ರೀಮಂತ ದೇಶವೂ ನೌಕರನ ವಂತಿಗೆಯನ್ನು ಇಮ್ಮಡಿಗಿಂತ ಹೆಚ್ಚು ಮಾಡಿತು. ಒಪಿಎಸ್ ಚರ್ಚೆಯಲ್ಲಿ ಈ ಮಾತನ್ನು ಯಾರೂ ಎತ್ತದಿರುವುದು ನನಗೆ ಸೋಜಿಗ.

ಕರ್ನಾಟಕದ ವಿವಾದ

• ಕೇಂದ್ರ ನೌಕರರಿಗೆ ಎನ್‌ಪಿಎಸ್ 2004ರ ಜನವರಿ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ.

• ಹೊಸ ವ್ಯವಸ್ಥೆ ಹೇಗಿರಬೇಕೆಂದು ಸಲಹೆ ನೀಡಲು 2001ರಲ್ಲಿ ರಚನೆಯಾದ ತಜ್ಞರ ಗುಂಪಿನ ಅಧ್ಯಕ್ಷರು ಕರ್ನಾಟಕದ ನಿವೃತ್ತ ಮುಖ್ಯ ಕಾರ್ಯದರ್ಶಿ ಬಿ.ಕೆ. ಭಟ್ಟಾಚಾರ್ಯ. ಅವರು ಹೇಳಿದ್ದು ಖಾತ್ರಿ ಮೊತ್ತ ಮತ್ತು ವಂತಿಗೆ ಎರಡನ್ನೂ ಬೆರೆಸಿದ ಮಾದರಿ. ಆಗ ಅದನ್ನು ಬದಿಗಿಡಲಾಯಿತು. 2024ರಲ್ಲಿ ಬಂದ ಕೇಂದ್ರದ ಏಕೀಕೃತ ಪಿಂಚಣಿ ಯೋಜನೆ (ಯುಪಿಎಸ್) ಹತ್ತಿರ ಹತ್ತಿರ ಅದೇ ದಾರಿಗೆ ಮರಳಿದೆ.

• ಒಪಿಎಸ್: ಕೊನೆಯ ಮೂಲ ವೇತನದ ಅರ್ಧ ಮತ್ತು ತುಟ್ಟಿಭತ್ಯೆ, ಪಿಂಚಣಿಗೆಂದು ನೌಕರ ವಂತಿಗೆ ಕಟ್ಟಬೇಕಿಲ್ಲ. ಎನ್‌ಪಿಎಸ್: ವಂತಿಗೆ ನಿಗದಿ, ಫಲ ಮಾರುಕಟ್ಟೆಯದು, ಸರ್ಕಾರಿ ನೌಕರ ನಿವೃತ್ತಿಯಲ್ಲಿ ಕನಿಷ್ಠ ಶೇ 40ರಷ್ಟನ್ನು ವರ್ಷಾಶನಕ್ಕೆ ಹಾಕಬೇಕು.

• ಎನ್‌ಪಿಎಸ್ ತಂದದ್ದು ವಾಜಪೇಯಿ ಸರ್ಕಾರ, ಪಿಂಚಣಿ ನಿಧಿ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ (ಪಿಎಫ್‌ಆರ್‌ಡಿಎ) ಕಾಯ್ದೆ ಮಾಡಿದ್ದು 2013ರಲ್ಲಿ ಮನಮೋಹನ್ ಸಿಂಗ್ ಸರ್ಕಾರ. ಒಪಿಎಸ್ ಮರಳಿಸುವ ಪೈಪೋಟಿ ಶುರುವಾದದ್ದು 2022ರಲ್ಲಿ ರಾಜಸ್ಥಾನದಿಂದ. ಛತ್ತೀಸಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶ ಜೊತೆಗೂಡಿದವು. 2023ರ ಜನವರಿಯ ರಾಜ್ಯ ಹಣಕಾಸು ವರದಿಯಲ್ಲಿ ಆರ್‌ಬಿಐ ಇದು ಮುಂದಿನವರ ತಲೆಗೆ ಹೊರೆ ಎಂದು ಎಚ್ಚರಿಸಿತು.

• 2022ರ ಡಿಸೆಂಬರ್‌ನಲ್ಲಿ ಎನ್‌ಪಿಎಸ್ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು. 2023ರ ಮಾರ್ಚ್ 1ರಂದು ರಾಜ್ಯವ್ಯಾಪಿ ಮುಷ್ಕರ. ಬಸವರಾಜ ಬೊಮ್ಮಾಯಿ ಸರ್ಕಾರ ಶೇ 17ರ ಮಧ್ಯಂತರ ಪರಿಹಾರ ಕೊಟ್ಟು, ಒಪಿಎಸ್ ಅಧ್ಯಯನಕ್ಕೆ ಸಮಿತಿ ರಚಿಸಿದ ಮೇಲೆ ಅದೇ ದಿನ ಮುಷ್ಕರ ಹಿಂದೆಗೆಯಲಾಯಿತು. ಮೇ ಚುನಾವಣೆಯಲ್ಲಿ ಕಾಂಗ್ರೆಸ್ ಪ್ರಣಾಳಿಕೆ ಒಪಿಎಸ್ ಬೇಡಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸುವ ಮಾತಾಡಿತು.

• 2024ರ ಜನವರಿ: 2006ರ ಏಪ್ರಿಲ್‌ಗೆ ಮುನ್ನ ನೇಮಕಾತಿ ಅಧಿಸೂಚನೆ ಹೊರಟು ಆಮೇಲೆ ಸೇವೆಗೆ ಸೇರಿದ ಸುಮಾರು 13,000 ಮಂದಿಗೆ ಸಿದ್ದರಾಮಯ್ಯ ಸರ್ಕಾರ ಒಪಿಎಸ್ ಕೊಟ್ಟಿತು. ಇದು ಎಲ್ಲರಿಗೂ ಒಪಿಎಸ್ ಮರಳಿದಂತಲ್ಲ. ಬಹು ಆಯ್ಕೆಯಲ್ಲಿ ಎಡವಿಸುವ ಸಾಲು ಇದು.

• ಯುಪಿಎಸ್: ಟಿ.ವಿ. ಸೋಮನಾಥನ್ ಸಮಿತಿ, ಸಂಪುಟ ಒಪ್ಪಿಗೆ 2024ರ ಆಗಸ್ಟ್ 24, ಜಾರಿ 2025ರ ಏಪ್ರಿಲ್ 1. 25 ವರ್ಷ ಸೇವೆಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಶೇ 50. 10 ವರ್ಷ ಸೇವೆಯಿದ್ದರೆ ಕನಿಷ್ಠ 10,000 ರೂಪಾಯಿ. ನೌಕರನ ವಂತಿಗೆ ಶೇ 10, ಸರ್ಕಾರದ್ದು ಶೇ 18.5.

ಸಂವಿಧಾನದ ನೆಲೆ

ಏಳನೇ ಅನುಸೂಚಿಯಲ್ಲಿ ಕೇಂದ್ರದ ಪಿಂಚಣಿ ಕೇಂದ್ರ ಪಟ್ಟಿಯ 71ನೇ ನಮೂದು, ರಾಜ್ಯದ್ದು ರಾಜ್ಯ ಪಟ್ಟಿಯ 42ನೇ ನಮೂದು, ಕಾರ್ಮಿಕರ ವೃದ್ಧಾಪ್ಯ ಪಿಂಚಣಿ ಸಮವರ್ತಿ ಪಟ್ಟಿಯ 24ನೇ ನಮೂದು. ಒಪಿಎಸ್ ಮರಳಿಸಲು ರಾಜ್ಯಗಳು ದೆಹಲಿಯನ್ನು ಕೇಳಬೇಕಿಲ್ಲದ್ದು ಇದರಿಂದಲೇ. 41ನೇ ವಿಧಿ ಮುಪ್ಪಿನಲ್ಲಿ ಸಾರ್ವಜನಿಕ ನೆರವಿನ ಬಗ್ಗೆ ಹೇಳುತ್ತದೆ. ಪಿಂಚಣಿ ಸರ್ಕಾರದ ದಯೆಯಲ್ಲ, ಹಕ್ಕು ಎಂದ ಡಿ.ಎಸ್. ನಕಾರಾ ಪ್ರಕರಣದ ತೀರ್ಪು ಬಂದದ್ದು 1982ರ ಡಿಸೆಂಬರ್ 17ರಂದು; ಆ ದಿನವೇ ಪಿಂಚಣಿದಾರರ ದಿನ.

ಗಲ್ಫ್‌ನಿಂದ ಮರಳುವ ಕನ್ನಡಿಗರಿಗೆ ಏನಿದೆ?

• ಭಾರತಕ್ಕೂ ಯುಎಇಗೂ ಸಾಮಾಜಿಕ ಭದ್ರತಾ ಒಪ್ಪಂದವಿಲ್ಲ. ಅನಿವಾಸಿಗಳು ತಾವಾಗಿಯೇ ಎನ್‌ಪಿಎಸ್ ಖಾತೆ ತೆರೆಯಬಹುದು. ಕಡಿಮೆ ಓದಿನ ವಲಸಿಗ ಕಾರ್ಮಿಕರಿಗೆಂದು 2012ರಲ್ಲಿ ಬಂದ ಮಹಾತ್ಮ ಗಾಂಧಿ ಪ್ರವಾಸಿ ಸುರಕ್ಷಾ ಯೋಜನೆ ಸೇರುವವರಿಲ್ಲದೆ 2017ರಲ್ಲಿ ಮುಚ್ಚಿತು.

• ಕೇರಳ 2008ರ ಕಾಯ್ದೆಯಿಂದ ಅನಿವಾಸಿ ಕಲ್ಯಾಣ ಮಂಡಳಿ ಮಾಡಿತು. ವಿದೇಶದಲ್ಲಿರುವವರ ವಂತಿಗೆಯನ್ನು 2022ರಲ್ಲಿ ತಿಂಗಳಿಗೆ 350 ರೂಪಾಯಿಗೆ, ಕನಿಷ್ಠ ಪಿಂಚಣಿಯನ್ನು 3,500ಕ್ಕೆ ಏರಿಸಿತು. ಕನಿಷ್ಠ 5 ವರ್ಷ ಕಟ್ಟಿರಬೇಕು, ಪಿಂಚಣಿ 60ರ ಮೇಲೆ.

• ಹಾಗಾಗಿ ಜೆಎಲ್‌ಟಿಯ ಒಂದೇ ಕಚೇರಿಯಲ್ಲಿ ಅಕ್ಕಪಕ್ಕ ಕೂತು ಕನ್ನಡ ಮಾತಾಡುವ ಇಬ್ಬರಲ್ಲಿ ಕೇರಳದ ಮಂಜೇಶ್ವರದವನಿಗೆ ಈ ಸೌಲಭ್ಯ ಉಂಟು, ತಲಪಾಡಿ ಗಡಿಯ ಈಚೆಗಿನ ಉಳ್ಳಾಲದವನಿಗೆ ಇಲ್ಲ. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಆದರೆ ವಂತಿಗೆ ಕಟ್ಟಿಸಿಕೊಂಡು ಪಿಂಚಣಿ ಕೊಡುವ ಮಂಡಳಿ ಇಲ್ಲ. ಸರ್ಕಾರಿ ನೌಕರರ ಪಿಂಚಣಿಗೆ ಸಮಿತಿ ಮಾಡುವ ರಾಜ್ಯ, ಕರಾವಳಿಯಿಂದ ಹೋಗಿ ದುಡಿಯುವವರಿಗೂ ಇಂಥದ್ದೊಂದು ಮಂಡಳಿ ಮಾಡಬೇಕು.