ಗಾಯ ಮಾಗಿದ ಮೇಲಿನ ಚಿಕಿತ್ಸೆ



2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. 166 ಜನರಲ್ಲಿ ಉಳಿದವರು 8 ಮಂದಿ. 2021ರ ಡಿಸೆಂಬರ್ 8ರಂದು ಕೂನೂರಿನ ಹತ್ತಿರ ವಾಯುಪಡೆಯ ಹೆಲಿಕಾಪ್ಟರ್ ಬಿದ್ದು ಉರಿದಾಗ 14 ಮಂದಿಯಲ್ಲಿ ಜೀವ ಹಿಡಿದುಕೊಂಡಿದ್ದು ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಬ್ಬರೇ. ಅವರೂ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಒಂದು ವಾರ ಹೋರಾಡಿ ತೀರಿಕೊಂಡರು. ಇಂಥ ಸುದ್ದಿ ಬಂದಾಗ ನಾವು ಸತ್ತವರ ಲೆಕ್ಕ ಕೇಳುತ್ತೇವೆ. ಸುಟ್ಟ ಗಾಯದಿಂದ ಬದುಕಿ ಮನೆಗೆ ಬಂದವರು ಆಮೇಲೆ ಹೇಗಿದ್ದಾರೆ ಅಂತ ಯಾರೂ ಕೇಳೋದಿಲ್ಲ.

ಕಿಗ್ಗಕ್ಕೂ ವಿಮಾನಕ್ಕೂ ಏನು ಸಂಬಂಧ ಅಂತ ನೀವು ನಗಬಹುದು. ದೊಡ್ಡ ವಿಮಾನದ ಟ್ಯಾಂಕಿನಲ್ಲಿರುವುದು ಸೀಮೆಎಣ್ಣೆಯ ಜಾತಿಯ ಇಂಧನ. ತರಬೇತಿಗೆ ಬಳಸುವ ಪುಟ್ಟ ವಿಮಾನಗಳಲ್ಲಿ ಹೆಚ್ಚಿನವು ಓಡುವುದು ಪೆಟ್ರೋಲಿನ ಜಾತಿಯದರಿಂದ; ಅದು ಇನ್ನೂ ಬೇಗ ಹತ್ತಿಕೊಳ್ಳುತ್ತದೆ. ಕಳೆ ಕೊಚ್ಚುವ ಯಂತ್ರಕ್ಕೆ ಪೆಟ್ರೋಲ್ ಸುರಿಯುವಾಗ, ಗ್ಯಾಸ್ ಸೋರಿದ ಅಡುಗೆಮನೆಯಲ್ಲಿ ಕಡ್ಡಿ ಗೀರಿದಾಗ ಆಗುವ ಗಾಯವೂ ಅದೇ. ನಂತರದ ಆರೈಕೆಯೂ ಅದೇ.

ಸ್ಫೋಟದಲ್ಲಿ ಚರ್ಮ ಮಾತ್ರ ಹಾಳಾಗುವುದಲ್ಲ. ಕಿವಿಯ ತಮಟೆ ಹರಿದಿರಬಹುದು, ಹೊಗೆ ಕುಡಿದು ಶ್ವಾಸಕೋಶ ಕೆಟ್ಟಿರಬಹುದು. ಕಿವಿ ಮಂದವಾದರೆ, ಧ್ವನಿ ಒಡೆದಿದ್ದರೆ, ಉಬ್ಬಸ ಬಂದರೆ, ಕಣ್ಣು ಮಂಜಾದರೆ ಡಾಕ್ಟರಿಗೆ ಹೇಳಲೇಬೇಕು. ಕಿವಿಗೆ ಎಣ್ಣೆ ಬಿಡಬೇಡಿ.

ಈಗ ಚರ್ಮದ ವಿಷಯ. ನಾವು ಮನೆಭೇಟಿಗೆ ಹೋಗಿದ್ದ ಒಂದು ಮನೆಯಲ್ಲಿ ಸ್ಟೌ ಸಿಡಿದು ಕೈ, ಕುತ್ತಿಗೆ ಸುಟ್ಟುಕೊಂಡ ಸಹೋದರಿಯೊಬ್ಬರಿದ್ದರು. ಗಾಯ ಚೆನ್ನಾಗಿಯೇ ಮಾಗಿತ್ತು. ಆದರೆ ಗದ್ದ ಎದೆಯ ಕಡೆಗೆ ಎಳೆದುಕೊಂಡಿತ್ತು, ಬೆರಳು ಮಡಚಿಕೊಂಡಿದ್ದವು. ಅಡಿಕೆ ಸುಲಿಯುವ ಕೈ ಅದು. "ನೋವಾಗ್ತದೆ ಅಂತ ಹಾಗೇ ಮಡಚಿ ಇಟ್ಕೊಂಡೆ ಸಿಸ್ಟರ್" ಅಂದರು. ತಪ್ಪು ಅವರದಲ್ಲ, ಬಿಡುಗಡೆ ಮಾಡುವಾಗ ವ್ಯಾಯಾಮದ ಮಾತನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಸುಟ್ಟ ಚರ್ಮ ಮಾಗುವಾಗ ಬಿಗಿಯುತ್ತದೆ. ಈ ಎಳೆತ ಆರು ತಿಂಗಳಿಂದ ಎರಡು ವರ್ಷದವರೆಗೂ ನಡೆಯಬಹುದು. ಹಿತವೆನಿಸುವ ಭಂಗಿಯಲ್ಲೇ ಇಟ್ಟುಕೊಂಡರೆ ಅದೇ ಭಂಗಿಯಲ್ಲಿ ಅಂಟಿಕೊಳ್ಳುತ್ತದೆ. ಆದ್ದರಿಂದ ಕುತ್ತಿಗೆಯ ಮುಂಭಾಗ ಸುಟ್ಟವರು ತಲೆದಿಂಬು ಬಿಡಬೇಕು. ಕಂಕುಳು ಸುಟ್ಟಿದ್ದರೆ ತೋಳನ್ನು ದೂರ ಚಾಚಿ ಮಲಗಬೇಕು. ಕೈಗೆ ಪಟ್ಟಿ ಕೊಟ್ಟಿದ್ದರೆ ರಾತ್ರಿ ಕಟ್ಟಿಕೊಳ್ಳಬೇಕು. ವ್ಯಾಯಾಮ ದಿನಕ್ಕೆ ನಾಲ್ಕೈದು ಸಲ. ನೋವಾಗುತ್ತದೆ ಅಂತ ನಿಲ್ಲಿಸಬೇಡಿ, ಅವರು ಕಲಿಸಿದ ಹಾಗೆ ಮಾಡಿ. ಗಾಯ ಪೂರ್ತಿ ಮುಚ್ಚಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಬಹುದು. ಬಿಸಿಲಿಗೆ ಮೈ ಮುಚ್ಚಿಕೊಳ್ಳಿ.

ಕಲೆ ದಪ್ಪವಾಗಿ ಉಬ್ಬದಂತೆ ಬಿಗಿಯುಡುಪು ಕೊಡುತ್ತಾರೆ. ಸ್ನಾನದ ಹೊತ್ತು ಬಿಟ್ಟರೆ ಹಗಲು ರಾತ್ರಿ ಹಾಕಿರಬೇಕು. ನಮ್ಮೂರಿನ ಮಳೆಗಾಲದಲ್ಲಿ ಒಂದು ಜೊತೆ ಸಾಲೋದಿಲ್ಲ, ಒಣಗೋದೇ ಇಲ್ಲ! ಹಾಗಂತ ಹಂಡೆ ಒಲೆಯ ಮೇಲೆ ಹರಡಿದರೆ ಎಳೆತ ಸತ್ತುಹೋಗುತ್ತದೆ. ಎರಡು ಜೊತೆ ಕೇಳಿ ಪಡೆಯಿರಿ, ನೆರಳಲ್ಲಿ ಒಣಗಿಸಿ, ಸಡಿಲವಾದರೆ ಬದಲಿಸಿ. ಇದರ ಖರ್ಚು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸೇರುತ್ತದೋ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ.

ಇನ್ನು ನಂಜಿನ ಮಾತು. ಮೊಟ್ಟೆ ನಂಜು, ಮೀನು ನಂಜು, ಬೇಳೆಯೂ ನಂಜು ಅಂತ ಗಾಯಾಳುವಿಗೆ ಗಂಜಿ ಮಾತ್ರ ಕೊಡುವ ಮನೆಗಳಿವೆ. ಹೊಸ ಚರ್ಮ ಯಾವುದರಿಂದ ಬೆಳೀಬೇಕು? ಸುಟ್ಟ ಮೈಗೆ ಮೊದಲಿಗಿಂತ ಹೆಚ್ಚು ಮೊಟ್ಟೆ, ಮೀನು, ಬೇಳೆ, ಹಾಲು ಬೇಕು.

ಮಾಗಿದ ಜಾಗದಲ್ಲಿ ತುರಿಕೆ ಬರುವುದು ಸಹಜ, ಕೆರೆಯಬೇಡಿ, ಮಾತ್ರೆ ಇದೆ. ಸುಟ್ಟವರು ಮಕ್ಕಳಾದರೆ ಮೈ ಬೆಳೆದ ಹಾಗೆ ಕಲೆ ಬೆಳೆಯೋದಿಲ್ಲ, ಆದ್ದರಿಂದ ದೊಡ್ಡವರಾಗುವ ತನಕ ತೋರಿಸುತ್ತಿರಬೇಕು. ಎಷ್ಟೋ ವರ್ಷದ ಹಳೆಯ ಕಲೆ ಮತ್ತೆ ಮತ್ತೆ ಒಡೆದು ಹುಣ್ಣಾದರೆ ತಡ ಮಾಡಬೇಡಿ, ಅದು ಕ್ಯಾನ್ಸರಿಗೆ ತಿರುಗುವುದುಂಟು.

ನಿದ್ದೆಯಲ್ಲಿ ಬೆಚ್ಚಿಬೀಳುವುದು, ಬೆಂಕಿ ಕಂಡರೆ ನಡುಗುವುದು, ಕನ್ನಡಿ ತಿರುಗಿಸಿಡುವುದು, ಇದೂ ಗಾಯವೇ. ಇದಕ್ಕೂ ಡಾಕ್ಟರಿದ್ದಾರೆ. ಅಂಥವರು ವಾರದ ಸಭೆಗೆ ಬಂದರೆ ಮುಖ ನೋಡಿ ಮಾತಾಡಿ, "ಅಯ್ಯೋ ಪಾಪ" ಬೇಡ.

ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಚಾರ್ಜು ಬೇರೆ. ಎಷ್ಟೋ ಮಂದಿ ಎರಡನೇ ಭೇಟಿಗೇ ನಿಲ್ಲಿಸುವುದು ಇದಕ್ಕಾಗಿಯೇ. ಸಂಘದ ಉಳಿತಾಯದಿಂದ ಇದಕ್ಕೊಂದು ಚಿಕ್ಕ ಸಾಲ ಕೊಡಲು ಆದೀತೇ, ಜೊತೆಗೆ ಒಬ್ಬರು ಹೋಗಲು ಆದೀತೇ ಎಂದು ಮುಂದಿನ ಸಭೆಯಲ್ಲಿ ಮಾತಾಡಿ. ಮನೆಯಲ್ಲಿ ಸುಟ್ಟ ಗಾಯದವರಿದ್ದರೆ ಬಿಡುಗಡೆ ಚೀಟಿ ತನ್ನಿ. ಮುಂದಿನ ತಾರೀಕು ಯಾವುದೆಂದು ಕೂತು ಓದೋಣ.