ಕೋಳಿ ಮಂಕಾದರೆ ಮೊದಲು ನೋಡು, ಆಮೇಲೆ ಮದ್ದು

ಮಗಳೇ, ಹಿತ್ತಲಲ್ಲಿ ಸಾಕಿದ ಗಿರಿರಾಜ ಹೇಟೆಯೊಂದು ನಿನ್ನೆಯಿಂದ ಮೂಲೆ ಹಿಡಿದು ಕೂತಿದೆ ಅಂತ ಗಾಬರಿಯಾಗಿದ್ದೀಯ. ಔಷಧಿ ಅಂಗಡಿಗೆ ಓಡುವ ಮೊದಲು ಸ್ವಲ್ಪ ಕೇಳು. ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಡುತ್ತದೆ. ಸೊರಗಿದ್ದು ಗೊತ್ತಾದರೆ ಜೊತೆಯವೇ ಕುಕ್ಕುತ್ತವೆ, ಹದ್ದು ಬೆಕ್ಕುಗಳೂ ಅದನ್ನೇ ಹುಡುಕುತ್ತವೆ. ಗರಿ ಉಬ್ಬಿಸಿ, ರೆಕ್ಕೆ ಇಳಿಬಿಟ್ಟು ತೂಕಡಿಸುವುದು ನಿನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಒಳಗೆ ಬಲಿತಿರುತ್ತದೆ. ಅದಕ್ಕೇ ತಡ ಮಾಡಬೇಡ. ಏನೆಂದು ತಿಳಿಯದೆ ಮದ್ದೂ ಹಾಕಬೇಡ.

ಕೂತ ಕೋಳಿಯೆಲ್ಲ ಕಾಯಿಲೆಯ ಕೋಳಿಯಲ್ಲ. ಗೂಡು ಬಿಟ್ಟು ಏಳದೆ, ಕೈ ಹಾಕಿದರೆ ಗರಿ ಕೆದರಿ ಕುಕ್ಕಲು ಬಂದರೆ ಅದು ಕಾವಿಗೆ ಕೂತಿದೆ. ಗರಿ ಉದುರಿಸುವ ಕಾಲದಲ್ಲಿ ಮೊಟ್ಟೆ ನಿಲ್ಲಿಸಿ ಒಂದಿಷ್ಟು ದಿನ ಸಪ್ಪಗಿರುವುದೂ ಸಹಜ. ಬಿರುಬಿಸಿಲಲ್ಲಿ ಕೊಕ್ಕು ತೆರೆದು ಏದುಸಿರು ಬಿಟ್ಟರೆ ತಣ್ಣನೆಯ ನೀರು, ನೆರಳು ಕೊಡು. ಕೋಳಿ ಬೆವರುವುದಿಲ್ಲ, ಸೆಕೆಯಲ್ಲಿ ಹೆಚ್ಚಾಗಿ ಬಾಯಿಂದಲೇ ಕಾವು ಹೊರಹಾಕಬೇಕು.

ಇವು ಯಾವುವೂ ಅಲ್ಲವೆಂದರೆ ಅದನ್ನು ಉಳಿದವುಗಳಿಂದ ಬೇರೆ ಮಾಡಿ, ಕೆಳಗೆ ಹಳೇ ಪೇಪರ್ ಹಾಸಿ ಇಡು. ಹಿಕ್ಕೆ ನೋಡುವುದಕ್ಕೆ ಅಸಹ್ಯ ಪಡಬೇಡ, ಬಾಯಿಲ್ಲದ ಜೀವದ ಸಂಕಟ ಬಹುಪಾಲು ಅಲ್ಲೇ ತಿಳಿಯುವುದು. ಕಂದು ಹಿಕ್ಕೆಯ ಮೇಲೆ ಬಿಳಿ ಇದ್ದರೆ ಸರಿಯಾಗಿದೆ. ದಿನದಲ್ಲಿ ಒಂದೆರಡು ಸಲ ಅಂಟಂಟಾಗಿ, ಗಾಢ ಬಣ್ಣದಲ್ಲಿ, ಕೆಟ್ಟ ವಾಸನೆಯಿಂದ ಹಾಕುವುದೂ ಸರಿಯೇ. ಹೊಸಬರು ಅದನ್ನೇ ಭೇದಿ ಅಂದುಕೊಳ್ಳುತ್ತಾರೆ. ರಕ್ತ ಕಂಡರೆ, ಅದರಲ್ಲೂ ಎಳೇ ಕೋಳಿಯಲ್ಲಿ, ಮಳೆಗಾಲದಲ್ಲಿ, ಗೂಡಿನ ನೆಲ ಒದ್ದೆಯಿದ್ದರೆ, ರಕ್ತಭೇದಿಯ ಅನುಮಾನ ಪಡು. ಅದಕ್ಕೆ ಔಷಧಿ ಇದೆ, ಹೊತ್ತಿಗೆ ಸಿಕ್ಕರೆ ಬದುಕುತ್ತದೆ.

ಆಮೇಲೆ ಕೋಳಿಯನ್ನು ಕೈಗೆತ್ತಿಕೋ. ಎದೆಮೂಳೆಯ ಮೇಲೆ ಬೆರಳಾಡಿಸು. ಅದು ಚಾಕುವಿನ ಅಂಚಿನಂತೆ ಸಿಕ್ಕರೆ ಕೋಳಿ ಬಹಳ ದಿನದಿಂದ ಕರಗುತ್ತಿದೆ, ಪುಕ್ಕದ ದೆಸೆಯಿಂದ ನಿನಗೆ ಕಾಣಲಿಲ್ಲ ಅಷ್ಟೆ. ಜುಟ್ಟು ಬಿಳಿಚಿದ್ದರೆ ರಕ್ತ ಕಮ್ಮಿಯಾಗಿರಬಹುದು: ಹೊಟ್ಟೆಯಲ್ಲಿ ಜಂತುಹುಳುವೋ, ಮೈಮೇಲೆ ನುಸಿಯೋ ಇದ್ದೀತು. ಹಗಲು ಹುಡುಕಿ ಏನೂ ಸಿಗಲಿಲ್ಲ ಅಂತ ಸುಮ್ಮನಾಗಬೇಡ. ರಕ್ತ ಹೀರುವ ಕೆಂಪು ನುಸಿ, ಉಣ್ಣೆಗಳು ಹಗಲು ಗೂಡಿನ ಹಲಗೆಯ ಸಂದಿಯಲ್ಲಿ ಅಡಗಿ ರಾತ್ರಿ ಹತ್ತುತ್ತವೆ. ಟಾರ್ಚ್ ಹಿಡಿದು ರಾತ್ರಿಯೇ ನೋಡಬೇಕು.

ಕುತ್ತಿಗೆ ಬುಡದಲ್ಲಿ ಕಾಳು ತುಂಬಿಕೊಳ್ಳುವ ಚೀಲವನ್ನು ಬೆಳಿಗ್ಗೆ ಮೇವು ಹಾಕುವ ಮೊದಲು ಮುಟ್ಟು. ರಾತ್ರಿ ತುಂಬಿದ್ದು ಬೆಳಗ್ಗೆ ಖಾಲಿಯಾಗಿರಬೇಕು. ಆಗಲೂ ಗಟ್ಟಿಯಾಗಿದ್ದರೆ ನಾರೋ ದಾರವೋ ಸಿಕ್ಕಿಕೊಂಡಿರಬಹುದು. ಬಾಲ ಮೇಲೆ ಕೆಳಗೆ ಆಡಿಸುತ್ತಾ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಉಗುರುಬೆಚ್ಚಗಿನ ನೀರಲ್ಲಿ ಹಿಂಭಾಗ ಮುಳುಗುವಂತೆ ಹದಿನೈದು ನಿಮಿಷ ಕೂರಿಸಿ, ಒರೆಸಿ ಬೆಚ್ಚಗಿಡು. ಕೈಯಿಂದ ಹಿಸುಕಲು ಮಾತ್ರ ಹೋಗಬೇಡ, ಒಳಗೆ ಒಡೆದರೆ ಪ್ರಾಣಕ್ಕೇ ಅಪಾಯ.

ನನಗೆ ನಿಜವಾದ ಭಯ ಕೊಕ್ಕರೆ ರೋಗದ್ದು. ಹಸಿರು ಭೇದಿ, ಗೊರಗೊರ ಉಸಿರು, ತಿರುಚಿದ ಕತ್ತು, ಸೋತ ಕಾಲು ಕಂಡರೆ ಅದರ ಅನುಮಾನ ಮಾಡು. ಅದು ವೈರಸ್‌ನಿಂದ ಬರುವುದು, ವಾಸಿ ಮಾಡುವ ಮದ್ದಿಲ್ಲ. ಅಂಗಡಿಯವರು ಕೊಡುವ ಆ್ಯಂಟಿಬಯೋಟಿಕ್ ಮಾತ್ರೆ ಆ ವೈರಸ್ಸಿಗೆ ಏನೂ ಮಾಡದು. ಲಸಿಕೆ ಮಾತ್ರ ಕಾಯುತ್ತದೆ. ಮರಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಒಂದು ತೊಟ್ಟು. ಮತ್ತೆ ಸುಮಾರು ಎಂಟು ವಾರಕ್ಕೆ ಸೂಜಿ. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಕೋಳಿಗಾದರೂ ಆಗುವಷ್ಟಿರುತ್ತದೆ, ಬೆರೆಸಿದ ಮೇಲೆ ನಾಳೆಗೆ ಉಳಿಯದು. ನಾಲ್ಕು ಕೋಳಿಗೆ ಯಾರು ತರುತ್ತಾರೆ ಅಂತ ಎಲ್ಲರೂ ಕೈಬಿಡುವುದು ಇಲ್ಲೇ. ನೀನು ಬೀದಿಯ ನಾಲ್ಕಾರು ಮನೆಯವರನ್ನು ಸೇರಿಸು. ಬೆಳಿಗ್ಗೆ ಕೋಳಿ ಬಿಡುವ ಮೊದಲೇ ಎಲ್ಲವನ್ನೂ ಹಿಡಿದಿಟ್ಟು ಪಶು ಆಸ್ಪತ್ರೆಯವರನ್ನು ಕರೆಸಿದರೆ ಒಂದೇ ಸೀಸೆಯಲ್ಲಿ ಕೇರಿಯ ಕೋಳಿಯೆಲ್ಲ ಉಳಿಯುತ್ತವೆ. ನಮ್ಮೂರ ಕಡೆ ಕೋಳಿ ಮೊಟ್ಟೆಯ ದುಡ್ಡು ಹೆಂಗಸರ ಕೈಯಲ್ಲಿ ಓಡಾಡುವ ದುಡ್ಡು, ಒಂದು ರೋಗಕ್ಕೆ ಅದು ಪೂರಾ ಹೋಗುವುದನ್ನು ನೋಡಲಾಗದು.

ತೂಕಡಿಸುವ ಕೋಳಿಯನ್ನು ಸಾಯುವ ಮೊದಲು ಸಂತೆಯಲ್ಲಿ ಮಾರಿಬಿಡು ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ರೋಗ ಊರಿಂದೂರಿಗೆ ಹೋಗುವುದು ಆ ದಾರಿಯಲ್ಲೇ. ಅದನ್ನು ಕೊಯ್ದು ಸಾರು ಮಾಡುವುದೂ ಬೇಡ. ಒಂದರ ಹಿಂದೊಂದು ಸಾಯತೊಡಗಿದರೆ ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ ಆ ದಿನವೇ ಪಶುವೈದ್ಯರಿಗೆ ತಿಳಿಸು. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದರೂ ಆಯಿತು. ಅವರು ನೋಡಿದ ಮೇಲೆ ಕೆರೆಗೋ ತಿಪ್ಪೆಗೋ ಎಸೆಯದೆ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿಸು.