ಗಣಕದ ಕಿಟಕಿಯೂ ಅದರ ಘಟನೆಗಳೂ

ಬಿ.ಎ. ವಿದ್ಯಾರ್ಥಿಯಾದ ನಾನು ಗಣಕಯಂತ್ರದ ವಿಷಯವಾಗಿ ಬರೆಯಹೊರಟುದನ್ನು ಕಂಡು ಸಹಪಾಠಿಗಳು ನಗಬಹುದು. ಆದರೆ ಈ ವಿದ್ಯೆಯನ್ನು ನಾನು ಪರೀಕ್ಷೆಗಾಗಿ ಕಲಿತವನಲ್ಲ; ಹೊಂಗನೂರಿನ ನಮ್ಮ ಮನೆಯ ರೇಷ್ಮೆಯ ಲೆಕ್ಕ ಕೈತಪ್ಪಿದುದರಿಂದ ಕಲಿತವನು.

ನಮ್ಮ ತಾಯಿಗೆ ಓದುಬರಹ ಬಾರದು. ಎಷ್ಟು ಮೊಟ್ಟೆಯ ಚಾಕಿ ತಂದೆವು, ಸೊಪ್ಪಿಗೆ ಎಷ್ಟಾಯಿತು, ಆಳಿಗೆ ಎಷ್ಟು ಕೊಟ್ಟೆವು, ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಏನು ಬೆಲೆಗೆ ಹೋಯಿತು, ಎಲ್ಲವೂ ಅವರ ನೆನಪಿನಲ್ಲೇ. ಅದನ್ನು ಬರೆದಿಡಲೆಂದು ಹಳೆಯದೊಂದು ಗಣಕದಲ್ಲಿ, ಪೈಥಾನ್ ಭಾಷೆಯ ಟಿಕಿಂಟರ್ ಎಂಬ ಸಲಕರಣೆಯಿಂದ, ಲೆಕ್ಕದ ಕಿಟಕಿಯೊಂದನ್ನು ಕಟ್ಟಿದೆ. ಅವರು ಹೇಳಿದರು, ನಾನು ಬರೆದೆ. ಮೂರು ಬೆಳೆಯ ಲೆಕ್ಕ ಮುಗಿದಿತ್ತು; ಉಳಿಸುವ ಗುಂಡಿಯನ್ನು ಇನ್ನೂ ಒತ್ತಿರಲಿಲ್ಲ. ಅಷ್ಟರಲ್ಲಿ ತಂಗಿ ಬಂದು ಮೂಲೆಯ ಗುಣಾಕಾರದ ಗುರುತನ್ನು ಒತ್ತಿದಳು. ಕಿಟಕಿ ಮಾಯವಾಯಿತು. "ಬರ್ಸಿದ್ದೆಲ್ಲ ಎಲ್ಲೋಯ್ತಪ್ಪ?" ಎಂದು ತಾಯಿ ಕೇಳಿದರು. ತಪ್ಪು ತಂಗಿಯದಲ್ಲ, ನನ್ನದು.

ಕಿಟಕಿಯಿಲ್ಲದ ಸಾದಾ ಕ್ರಮವಿಧಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಡೆದು ಮುಗಿಯುತ್ತದೆ. ಕಿಟಕಿಯುಳ್ಳದ್ದು ಹಾಗಲ್ಲ, ಅದು ಕಾಯುತ್ತದೆ. ಹುಳು ಜ್ವರಕ್ಕೆ ಕೂತರೆ ಸೊಪ್ಪು ನಿಲ್ಲಿಸುವುದು, ಎದ್ದರೆ ಹಾಕುವುದು, ಹಣ್ಣಾದರೆ ಚಂದ್ರಂಕಿಗೆ ಬಿಡುವುದು ಹೇಗೋ ಹಾಗೆ. ಕೀಲಿ ಒತ್ತಿದರೆ ಒಂದು ಘಟನೆ, ಮೌಸ್ ಆಡಿಸಿದರೆ ಇನ್ನೊಂದು. ವಿಂಡೋಸ್ ವ್ಯವಸ್ಥೆಯು ಇವನ್ನು ಸಂದೇಶಗಳಾಗಿ ಸಾಲಿನಲ್ಲಿ ನಿಲ್ಲಿಸುತ್ತದೆ. ಕ್ರಮವಿಧಿಯು ಒಂದೊಂದನ್ನೇ ತೆಗೆದು ಉತ್ತರ ಕೊಡುತ್ತದೆ. ಒಂದು ಉತ್ತರದಲ್ಲೇ ಬಹಳ ಹೊತ್ತು ಸಿಕ್ಕಿಕೊಂಡು 5 ಸೆಕೆಂಡು ಸಾಲಿನ ಕಡೆ ನೋಡದಿದ್ದರೆ, ಕಿಟಕಿ ಸ್ಪಂದಿಸುತ್ತಿಲ್ಲವೆಂದು ವಿಂಡೋಸ್ ತೀರ್ಮಾನಿಸುತ್ತದೆ.

ಕನ್ನಡ ಬೆರಳಚ್ಚೂ ಇಂಥ ಘಟನೆಗಳ ಫಲವೇ. ಕೆ. ಪಿ. ರಾಯರ ಕೀಲಿವಿನ್ಯಾಸವನ್ನು ಅನುಸರಿಸುವ 'ನುಡಿ' ತಂತ್ರಾಂಶದಲ್ಲಿ ಇಂಗ್ಲಿಷಿನ 'ಕೆ' ಒತ್ತಿದರೆ 'ಕ', ಮುಂದೆ 'ಐ' ಒತ್ತಿದರೆ 'ಕಿ'. ಕೀಲಿಯ ಸುದ್ದಿ ಬರೆಯುವ ಕಿಟಕಿಗೆ ತಲುಪುವ ಮೊದಲೇ ತಂತ್ರಾಂಶ ಅದನ್ನು ನಡುವೆ ಹಿಡಿದು ಕನ್ನಡವಾಗಿಸುತ್ತದೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ 'ಬರಹ'ವನ್ನೂ ಇಲ್ಲಿ ನೆನೆಯಬೇಕು. ಇವಿಲ್ಲದಿದ್ದರೆ 'ಚಾಕಿ' ಎಂದು ಬರೆಯಲು ನಾನು ಪಟ್ಟ ಪಾಡು ಇನ್ನೂ ಹೆಚ್ಚಾಗುತ್ತಿತ್ತು.

ಈಗ ಮುಚ್ಚುವ ಘಟನೆ. ಗುಣಾಕಾರದ ಗುರುತನ್ನು ಒತ್ತುವುದು ಆಜ್ಞೆಯೆಂದು ನಾನು ತಿಳಿದಿದ್ದೆ. ಅದು ಬರಿಯ ಕೋರಿಕೆ. ಆಗ ವಿಂಡೋಸ್ ಕಳಿಸುವುದು 'ಡಬ್ಲ್ಯುಎಂ ಕ್ಲೋಸ್' ಎಂಬ ಸಂದೇಶ. ನಾವು ಸುಮ್ಮನಿದ್ದರೆ ಕಿಟಕಿ ನಾಶವಾಗಿ, 'ಡಬ್ಲ್ಯುಎಂ ಡಿಸ್ಟ್ರಾಯ್' ಎಂಬ ಎರಡನೆಯ ಸಂದೇಶ ಬರುತ್ತದೆ. ಬಳಕೆದಾರನನ್ನು ಕೇಳುವುದಿದ್ದರೆ ಮೊದಲನೆಯದರಲ್ಲೇ ಕೇಳಬೇಕು. ಎರಡನೆಯದರಲ್ಲಿ ಕೇಳಿದರೆ ಬೇಡವೆನ್ನಲು ಅವಕಾಶವಿಲ್ಲ. ಟಿಕಿಂಟರಿನಲ್ಲಿ 'ಪ್ರೋಟೋಕಾಲ್' ಎಂಬ ವಿಧಾನಕ್ಕೆ 'ಡಬ್ಲ್ಯುಎಂ ಡಿಲೀಟ್ ವಿಂಡೋ' ಎಂಬ ಹೆಸರನ್ನೂ ನಮ್ಮ ಕಾರ್ಯವನ್ನೂ ಕೊಡಬೇಕು. ಕೊಟ್ಟ ಮೇಲೆ ಕಿಟಕಿ ತಾನಾಗಿ ಮುಚ್ಚುವುದಿಲ್ಲ. ನಾಶಮಾಡುವ ಸಾಲನ್ನೂ ನಾವೇ ಬರೆಯಬೇಕು. ನಾನದನ್ನು ಮರೆತು, ಮುಚ್ಚಲಾರದ ಕಿಟಕಿಯ ಮುಂದೆ ಕೂತಿದ್ದುಂಟು.

"ಉಳಿಸಬೇಕೇ?" ಎಂಬ ಪ್ರಶ್ನೆಗೆ ಮೂರು ಉತ್ತರ: ಹೌದು, ಬೇಡ, ರದ್ದು. 'ಬೇಡ'ಕ್ಕೆ ಪೈಥಾನ್ ಕೊಡುವುದು 'ಫಾಲ್ಸ್', 'ರದ್ದು'ವಿಗೆ 'ನನ್'. ಷರತ್ತಿನ ಪರೀಕ್ಷೆಯಲ್ಲಿ ಎರಡೂ ಸುಳ್ಳೆಂದೇ ಎಣಿಕೆ. ಬೇರೆಬೇರೆ ನೋಡದೆ ಬರೆದುದರಿಂದ, ಮುಚ್ಚುವುದೇ ಬೇಡವೆಂದು ರದ್ದು ಒತ್ತಿದವರ ಲೆಕ್ಕವನ್ನೂ ನನ್ನ ಕಿಟಕಿ ನುಂಗಿತು. ಮೊದಲು 'ನನ್' ಹೌದೋ ಎಂದು ಕೇಳಿ, ಹೌದಾದರೆ ಏನೂ ಮಾಡದೆ ಹಿಂತಿರುಗಬೇಕು.

ಇಷ್ಟಾಗಿಯೂ ನಮ್ಮೂರಿನಲ್ಲಿ ಇದು ಸಾಲದು. ಬ್ಯಾಟರಿಯಿಲ್ಲದ ಗಣಕಕ್ಕೆ ಕರೆಂಟು ಹೋದರೆ ಯಾವ ಸಂದೇಶವೂ ಬರುವುದಿಲ್ಲ. ಕೇಳಲು ಕಿಟಕಿಯೇ ಇರುವುದಿಲ್ಲ. ಆದುದರಿಂದ ಈಗ ಒಂದೊಂದು ಸಾಲು ಬರೆದೊಡನೆ ಕಡತಕ್ಕೆ ಸೇರುವಂತೆ ಮಾಡಿದ್ದೇನೆ. ಪ್ರಶ್ನೆ ಕೇಳುವ ಕೆಲಸವೇ ಬಹುಮಟ್ಟಿಗೆ ತಪ್ಪಿತು.

ಕಳೆದುಹೋದ ಮೂರು ಬೆಳೆಯ ಲೆಕ್ಕವನ್ನು ತಾಯಿ ಮತ್ತೊಮ್ಮೆ ಹೇಳಿ ಬರೆಸಿದರು. ಎರಡನೆಯ ಬೆಳೆಯ ಸೊಪ್ಪಿನ ಹೊರೆಗಳನ್ನು ನಾನು ಮೊದಲ ಸಲ ತಪ್ಪಾಗಿ ಬರೆದಿದ್ದೆನೆಂಬುದು ಆಗ ತಿಳಿಯಿತು.